ಮೂರು ರಾತ್ರಿ, ಮೇಲಿನ ಕೋಣೆ

ಏಪ್ರಿಲ್ ಎರಡನೆಯ ವಾರ, ಮೂರು ರಾತ್ರಿ, ಇಬ್ಬರು
ಎಂದು ಬರೆದಿದ್ದಾಳೆ ಓಡೆನ್ಸೆಯಿಂದ ಬಿರ್ಗಿತ್ತೆ.
ಕೆಳಗೆ ಹನ್ನೊಂದು ಪ್ರಶ್ನೆ.
ಪಲೆರ್ಮೊಗೆ ಕೋಟು ಬೇಕೆ?
ಕಡಲಿಗೆ ಇಳಿಯಬಹುದೆ?
ರಾತ್ರಿ ಒಂಟಿಯಾಗಿ ನಡೆದರೆ ಭಯವೆ?
ಕೊನೆಯದು: ಬೆಳಿಗ್ಗೆ ಬೆಳಕು ಯಾವ ಕಿಟಕಿಯಿಂದ?

ಹದಿನಾರು ವರ್ಷದಿಂದ ಬಾಡಿಗೆಗಿದೆ ಈ ಕೋಣೆ.
ಎಲ್ಲರೂ ಕೇಳುವುದು ಬಿಸಿನೀರು, ಕೀಲಿಕೈ, ಗದ್ದಲ.
ಬೆಳಕನ್ನು ಕೇಳಿದವಳು ಇವಳೊಬ್ಬಳೇ.

ಉತ್ತರ ಬರೆಯುತ್ತಾ ಹೋದೆ:
ಕೋಟು ತನ್ನಿ, ತೊಡಬೇಡಿ.
ಕಡಲು ನಿಮಗೆ ಬೆಚ್ಚಗೆ, ನಮಗೆ ಜೂನಿನ ತನಕ ಮಂಜುಗಡ್ಡೆ.
ಒಂಟಿತನವೆ? ಬಲ್ಲಾರೊ ಸಂತೆಬೀದಿಯಲ್ಲಿ
ನಡುರಾತ್ರಿ ಅದೇನಾದರೂ ಸಿಕ್ಕರೆ
ನನಗೂ ಒಂದು ಪಾವು ತನ್ನಿ.

ಬೆಳಕಿಗೆ ಬಂದು ಪೆನ್ನು ನಿಂತಿತು.
ಆ ಹಾಸಿಗೆಗೆ ಸಾವಿರ ಸಲ ಬಿಳಿ ಹೊದಿಸಿದವಳು,
ಒಮ್ಮೆಯೂ ಮಲಗಿದವಳಲ್ಲ.

ಪುಸ್ತಕ ತೆರೆದರೆ ಮಾರ್ಚ್ ಕೊನೆಗೆ ಮೂರು ಖಾಲಿ ಮನೆ.
ತುಂಬಿಸಿದೆ: ನುನ್ಸಿಯಾ. ಒಬ್ಬಳು. ಮುಂಗಡ ಪಾವತಿಯಾಗಿದೆ.
ಗಾಸ್ಪರೆ ಕನ್ನಡಕ ಏರಿಸಿ ನಕ್ಕ:
"ಇಪ್ಪತ್ತೆರಡು ಮೆಟ್ಟಿಲಿಗೆ ಪೆಟ್ಟಿಗೆ ಬೇಕೇನೆ?"
ಬೇಕು. ಪೆಟ್ಟಿಗೆಯಿಲ್ಲದೆ ಹತ್ತಿದರೆ
ಅದು ಪ್ರವಾಸವಲ್ಲ, ಕಸ ಗುಡಿಸುವುದು.

ಯೋಜನೆಗೆ ಕೂತೆ.
ಬಂದವರು ಮರೆತದ್ದನ್ನೆಲ್ಲ ಹಾಕಿಡುವ ಡ್ರಾಯರಿನಲ್ಲಿ
ಒಂದು ಕಿವಿಯೋಲೆ, ಮೂರು ಛತ್ರಿ, ಬಿಸಿಲಿನ ಮುಲಾಮು,
ಮಡಿಸಿ ಮಡಿಸಿ ಸವೆದ ನಕಾಶೆ.
ಮಡಿಕೆ ಹರಿದ ಜಾಗದಲ್ಲೇ ನಮ್ಮ ಓಣಿ.
ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ:
ದೊಡ್ಡ ಇಗರ್ಜಿಯ ಮಾಡಿಗೊಂದು,
ಉದ್ಯಾನದ ಬಿಳಲುಮರಕ್ಕೊಂದು,
ಮೀನಂಗಡಿ ಒಂದಕ್ಕೆ ಎರಡು.
ಅದು ಕಾಲೋಜೆರೊನದು. ಮೂವತ್ತು ವರ್ಷ ಅವನ ಸಾರ್ಡೀನು ತಿಂದೂ
ಅಲ್ಲಿ ಸುತ್ತು ಹಾಕುವಂಥದ್ದೇನು, ನನಗೆ ತಿಳಿಯದು.

ಮೊದಲ ದಿನ ಹೋಗಿ ನಿಂತೆ, ಹೆಗಲಿಗೆ ಛತ್ರಿ, ಕೈಯಲ್ಲಿ ನಕಾಶೆ.
"ಪರವೂರಿನವಳು, ಬೆಲೆ ಹೇಳಪ್ಪ" ಅಂದೆ.
ಮುಖ ನೋಡಿದ, ನಗಲಿಲ್ಲ, ದುಪ್ಪಟ್ಟು ಹೇಳಿದ,
ನಿಂಬೆಹಣ್ಣೊಂದು ಪುಕ್ಕಟೆ ಇಟ್ಟು
ಬೀದಿಗೆ ತಿರುಗಿ ಕೂಗಿದ. ಆ ಕೂಗು!
ಅರ್ಥ ಬಿಟ್ಟು ಕೇಳಿದೆ ಮೊದಲ ಸಲ:
ಶುರುವಿಗೆ ಕಬ್ಬಿಣದ ಬಾಗಿಲು ಎಳೆದಂತೆ,
ಕೊನೆಗೆ ಪಾರಿವಾಳ.
ಎರಡು ಸುತ್ತು ಕಡಿಮೆಯೇ ಆಯಿತು.

ಮಾಡು ಹತ್ತಲಿಲ್ಲ. ಮಂಡಿ ಒಪ್ಪಲಿಲ್ಲ.
ಬಿಳಲುಮರದ ತಂಪಿಗೆ ಕೂತು ಕಿತ್ತಳೆ ಸುಲಿದೆ.
ಸಿಪ್ಪೆಯನ್ನು, ಪರವೂರಿನವರ ಹಾಗೆ,
ಚೀಲದಲ್ಲಿಟ್ಟುಕೊಂಡೆ.

ರಾತ್ರಿ ಮೇಲೆ ಮಲಗಿದರೆ ನಿದ್ದೆಯೆಲ್ಲಿ?
ಬೀದಿಯದಲ್ಲ ಸದ್ದು. ನೆಲದಡಿಯಿಂದ ಬರುತ್ತದೆ:
ಗಾಸ್ಪರೆಯ ಕೆಮ್ಮು, ಸಕ್ಕರೆ ಡಬ್ಬಿಯ ತಡಕಾಟ,
ರೇಡಿಯೋದವನಿಗೆ ಅವನು ಕೊಡುವ ಉತ್ತರ,
ಅಕ್ಷರ ಅಕ್ಷರ ಸ್ಪಷ್ಟ.
ಅಯ್ಯೋ ದೇವರೇ, ಹದಿನಾರು ವರ್ಷ
ನಮ್ಮ ಜಗಳ ಕೇಳುತ್ತಾ ಮಲಗಿದ್ದಾರೆ ಎಷ್ಟು ದೇಶದವರು!
ಹೊರಡುವಾಗ ಅಷ್ಟು ಮೆತ್ತಗೆ
ಕೈ ಕುಲುಕುತ್ತಿದ್ದದ್ದು ಇದಕ್ಕೇ.
ಹಿಮ್ಮಡಿಯಿಂದ ನೆಲ ಕುಟ್ಟಿದೆ:
"ಎಡಗಡೆ, ಬೇಳೆಯ ಹಿಂದೆ."
ಸದ್ದಡಗಿತು.
ಆಮೇಲೆ ಚಮಚ.

ಪ್ರಿಯ ಬಿರ್ಗಿತ್ತೆ,
ಸೂರ್ಯ ನೇರ ಬರುವುದಿಲ್ಲ ಯಾವ ಕಿಟಕಿಗೂ. ಓಣಿ ಇಕ್ಕಟ್ಟು.
ಏಳು ಗಂಟೆಗೆ ಎದುರುಮನೆಯ ಅಗಾತಾ
ತನ್ನ ಬಿಳಿ ದುಪ್ಪಟಿ ಒಣಹಾಕುತ್ತಾಳೆ,
ಬಿಸಿಲು ಅದಕ್ಕೆ ತಾಗಿ ನಿಮ್ಮ ದಿಂಬಿಗೆ ಬೀಳುತ್ತದೆ.
ನಾನು ಅದರಲ್ಲಿ ಕೈ ಇಟ್ಟು ನೋಡಿದೆ. ಬೆಚ್ಚಗಿದೆ.
ಆದರೆ ಅವಳ ಒಗೆತ ಮಂಗಳವಾರ ಮಾತ್ರ,
ನೀವು ಬರುವುದು ಬುಧವಾರ.
ಅವಳಿಗೂ ನನಗೂ ಮಾತು ನಿಂತು ನಾಲ್ಕು ವರ್ಷ.
ಹೋಗಿ ಕೇಳಿ ನೋಡುತ್ತೇನೆ.