ಎರಡನೇ ದಾರ

ಗಾಂಧಿ ಬಜಾರಿನಲ್ಲಿ ಎರಡೇ ಉಂಡೆ ಕೊಂಡೆ,
ಒಂದು ಅರಿಸಿನ, ಒಂದು ಇಂಕಿನ ನೀಲಿ.
ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ತಿರುಗಿಸಿದ ಕೈಗೆ
ಅಂಗೈಯಗಲದ ಸುತ್ತು ಯಾವ ಲೆಕ್ಕ?

ಆರು ಹೊಲಿಗೆ, ಹನ್ನೆರಡು, ಹದಿನೆಂಟು ಆಗಬೇಕು.
ಆಗುಂಬೆ ಘಾಟಿಯನ್ನು ಮಂಜಲ್ಲೂ ಇಳಿಸಿದವನು
ಹದಿನೇಳಕ್ಕೇ ಬಂದು ಕೆಟ್ಟು ನಿಂತೆ.
‘ಬಿಚ್ಚಿ’ ಅಂದರು ಫಿಲೋಮಿನಾ ಟೀಚರು, ತಲೆ ಎತ್ತದೆ.
ಬಿಚ್ಚಿದೆ. ಮೂರು ಸಲ.

ಹಳದಿ ಹೆಣೆಯುವಾಗ ನೀಲಿ ಎಲ್ಲಿರುತ್ತೆ?
ಹೊಲಿಗೆಯ ಹೊಟ್ಟೆಯೊಳಗೆ ಮುದುಡಿಕೊಂಡು
ಜೊತೆಗೇ ಬರುತ್ತೆ, ಮುಂಬೈ ಬಸ್ಸಲ್ಲಿ
ಹಿಂದಿನ ಸೀಟಿಗೆ ಮಲಗಿದ ನಮ್ಮ ತಿಪ್ಪೇಶಿಯ ಹಾಗೆ,
ತನ್ನ ಪಾಳಿ ಬರುವವರೆಗೆ.

ಕೊನೆಗೂ ಚಪ್ಪಟೆ ಕೂರಲಿಲ್ಲ, ದೊನ್ನೆಯಂತೆ ಅಂಚೆತ್ತಿತು.
ಒಂದು ನೀಲಿ ಚುಕ್ಕಿ ದಾರಿ ತಪ್ಪಿತ್ತು.
ಟೀಚರು ಮಾತಾಡದೆ ಅದರ ಮೇಲೇ ಕಾಫಿ ಲೋಟ ಇಟ್ಟರು.
ವಾಲಿತು.
ಚೆಲ್ಲಲಿಲ್ಲ.