ತಿಲಕನ ಪಾಲು

ಸರ್ವರ್ ಬಾಡಿಗೆ ತಿಂಗಳಿಗೆ ಸಾವಿರದ ಇನ್ನೂರು,
ಆರು ಜನ. ಲೆಕ್ಕ ನನ್ನದು.
ಬಜಪೆಯ ಜೋವಿಟಾ ಒಂದನೇ ತಾರೀಕೇ ಹಾಕುತ್ತಾಳೆ,
ಉಳ್ಳಾಲದ ಸಫ್ವಾನ್ ಮೂರು ಸಲ ಕೇಳಿದ ಮೇಲೆ.

ಬೋಟಿಗೆ ರಜೆ ಬಿದ್ದ ಜೂನ್, ಜುಲೈ
ತಿಲಕ್ ಕರ್ಕೇರನ ಇನ್ನೂರು ಬರುವುದಿಲ್ಲ,
ಅವನು ಬರುತ್ತಾನೆ.
ರಾತ್ರಿಯಿಡೀ ಒಬ್ಬನೇ ಕೂತು
ಆಟದೊಳಗೊಂದು ದಕ್ಕೆ ಕಟ್ಟಿದ:
ಐಸಿನ ಶೆಡ್ಡು, ಹಗ್ಗ ಸುತ್ತುವ ಗೂಟ,
ಬುಟ್ಟಿ ಇಳಿಸಿದವರಿಗೆ ಕೂರಲು ಕಟ್ಟೆ ಸಹ.
ಅವನ ಪಾಲು ನಾವೇ ಹಂಚಿಕೊಂಡೆವು,
ತಲೆಗೆ ನಲವತ್ತು.

ಆಗಸ್ಟಿನಲ್ಲಿ ಆರುನೂರು ಒಟ್ಟಿಗೇ ಬಂತು,
ಹಿಂದೆಯೇ ಬಂಗುಡೆ ರಾಶಿಯ ಫೋಟೋ.
ಆಮೇಲೆ ಅವನು
ನೆಟ್‌ವರ್ಕ್ ಸಿಗದ ನೀರಿನಲ್ಲಿ.

ನಿನ್ನೆ ಐವರೂ ಹೋಗಿ
ಅವನ ದಕ್ಕೆಯಲ್ಲಿ ನಿಂತೆವು.
ಸಫ್ವಾನನೇ ಮೊದಲು ಗಮನಿಸಿದ್ದು:
ಬೋಟೇ ಇಟ್ಟಿಲ್ಲ ಮಾರಾಯ,
ಒಂದೂ.