ಊದುಗೊಳವೆ

ಹ್ಯಾಲಿಫ್ಯಾಕ್ಸಿನ ಈ ಏರಿಗೆ ಮೂರು ನಿಲ್ದಾಣ ನನಗೆ:
ಕೆಂಪು ಅಂಚೆ ಡಬ್ಬಿ, ಮುಚ್ಚಿದ ಮಿಲ್ಲಿನ ಗೋಡೆ,
ಆಮೇಲೆ ಡೆಸ್ಮಂಡನ ಮನೆ ಗೇಟು.
ಅಲ್ಲಿ ನಿಂತು ಅವನ ಗುಲಾಬಿ ಹೊಗಳುತ್ತೇನೆ,
ಗುಲಾಬಿ ಇಲ್ಲದ ಜನವರಿಯಲ್ಲೂ.
ಅವನಿಗೆ ಗೊತ್ತು. ಹೊಗಳಿಸಿಕೊಳ್ಳುತ್ತಾನೆ.

ಮಂಗಳವಾರ ಚರ್ಚಿನ ಹಾಲಿನಲ್ಲಿ ನಮ್ಮ ಕ್ಲಾಸು.
ಹನ್ನೊಂದು ಜನ; ಎಲ್ಲರದೂ ಸೇರಿಸಿದರೆ
ಶ್ವಾಸಕೋಶ ಐದು ಜನಕ್ಕೆ ಸಾಕಾದೀತು.
ಗಣಿಯ ಧೂಳು ಕುಡಿದ ಕ್ಲಿಫರ್ಡ್,
ಉಣ್ಣೆಯ ಎಳೆ ನುಂಗಿದ ಐರೀನ್,
ಸಿಗರೇಟು ಬೆರಳಲ್ಲೂ ಮುಟ್ಟದ ನಾನು.
"ತುಟಿ ಚೂಪು ಮಾಡಿ, ಮೆಲ್ಲಗೆ ಊದಿ"
ಅನ್ನುತ್ತಾಳೆ ಮೊಮ್ಮಗಳ ವಯಸ್ಸಿನ ಮೇಡಂ.

ಊದಿದೆ. ಮೊದಲ ದಿನವೇ ಶಭಾಸ್ ಸಿಕ್ಕಿತು.
ಸಿಗದೇನು? ಏಳನೇ ವರ್ಷದಿಂದ ಮದುವೆಯ ತನಕ
ಸಿಂದಗಿಯಲ್ಲಿ, ಹಸಿ ಜಾಲಿ ಕಟ್ಟಿಗೆಯ ಒಲೆ ಮುಂದೆ,
ಊದುಗೊಳವೆಗೆ ಇಟ್ಟದ್ದು ಇದೇ ತುಟಿ, ಇದೇ ಕೆನ್ನೆ.
ಎದೆ ಕೆಡಿಸಿದ ವಿದ್ಯೆಯೇ ಎದೆ ಕಾಯುತ್ತಿದೆ ಈಗ.
ಯಾರ ಹತ್ತಿರವೂ ಉಸಿರು ಬಿಟ್ಟಿಲ್ಲ,
ಐರೀನಿಗೆ ಮಾತ್ರ. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು.

"ಉಸಿರಾಡೋಕೂ ಪುರುಸೊತ್ತಿಲ್ಲ" ಎಂದು
ಮಿಠಾಯಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗೊಣಗಿದೆ.
ಈಗ ಪುರುಸೊತ್ತಿದೆ.
ಸ್ನಾನಕ್ಕೆ ಸ್ಟೂಲು, ಮೆಟ್ಟಿಲಿಗೆ ಎಣಿಕೆ,
ರೊಟ್ಟಿ ತಟ್ಟುವುದು ಕೂತು, ದಿನಕ್ಕೆ ಎರಡೇ.
ಫೋನಿನಲ್ಲಿ ತಂಗಿ ಜಗಳಕ್ಕೆ ಬಂದರೆ
ಅರ್ಧ ಮಾತು ಸಾಕು; ಉಳಿದರ್ಧ ಅವಳೇ ಆಡುತ್ತಾಳೆ.

ಇವತ್ತು ಅಂಚೆ ಡಬ್ಬಿಯ ಹತ್ತಿರ ನಿಲ್ಲಲಿಲ್ಲ.
ಮಿಲ್ಲಿನ ಗೋಡೆಗೆ ಬಂದಾಗ ನೆನಪಾಯಿತು.
ತಿರುಗಿ ನೋಡಿದೆ,
ಕಾಗದವಿಲ್ಲದೆಯೂ ಏನೋ ಹಾಕಿ ಬಂದವಳ ಹಾಗೆ.
ಗೇಟಿನಲ್ಲಿ ಮಾತ್ರ ನಿಂತೆ.
ಡೆಸ್ಮಂಡ್ ಕಾಯುತ್ತಿರುತ್ತಾನೆ.